ಫೋನಿನಲ್ಲೇ ಸೆಕ್ಯುರಿಟಿ ಟೆಸ್ಟಿಂಗ್: ಟರ್ಮಕ್ಸ್ ಸಾಕಾ, ನೆಟ್‌ಹಂಟರ್ ಬೇಕಾ, ಎರಡನೇ ಫೋನ್ ತಗೊಳ್ಳಬೇಕಾ?

"ಲ್ಯಾಪ್‌ಟಾಪ್ ಇಲ್ಲ, ಫೋನ್ ಮಾತ್ರ ಇದೆ. ಇದರಲ್ಲೇ ಎಥಿಕಲ್ ಹ್ಯಾಕಿಂಗ್ ಕಲಿಯಬಹುದಾ?" ಡಿಪ್ಲೊಮಾ, ಬಿಸಿಎ, ಬಿಇ ಓದುವ ಹುಡುಗ ಹುಡುಗಿಯರು ತುಂಬ ಕೇಳುವ ಪ್ರಶ್ನೆ ಇದು. ಕಲಿಯಬಹುದು, ಖಂಡಿತ. ಆದರೆ ಅದರ ಬೆನ್ನಿಗೇ ಇನ್ನೊಂದು ಪ್ರಶ್ನೆ ಬರುತ್ತದೆ: ರೂಟ್ ಮಾಡಲಾ, ನೆಟ್‌ಹಂಟರ್ ಹಾಕಲಾ, ಯಾವ ಫೋನ್ ತಗೊಳ್ಳಲಿ? ರೂಟ್ ಅಂದರೆ ಫೋನಿನ ಮೇಲೆ ಪೂರ್ತಿ ಅಧಿಕಾರ ಪಡೆಯುವುದು. ನೆಟ್‌ಹಂಟರ್ ಅಂದರೆ ಸೆಕ್ಯುರಿಟಿ ಟೂಲ್‌ಗಳು ತುಂಬಿರುವ ಕಾಲಿ ಲಿನಕ್ಸಿನ ಫೋನ್ ರೂಪ. ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕು. ಫೋನಿನಲ್ಲಿ ಸೆಕ್ಯುರಿಟಿ ಕೆಲಸ ಮಾಡಲು ಐದಾರು ದಾರಿಗಳಿವೆ. ಒಂದೊಂದೂ ಒಂದೊಂದು ಕೆಲಸಕ್ಕೆ ಆಗಿಬರುತ್ತದೆ. ಯಾವುದು ಜಾಸ್ತಿ ಪವರ್‌ಫುಲ್ ಅಂತ ನೋಡಿ ಆರಿಸಿದರೆ ಕೈಯಲ್ಲಿರುವ ಒಂದೇ ಫೋನ್ ಕೆಡಬಹುದು, ಕಲಿಕೆಯೂ ಅಲ್ಲಿಗೇ ನಿಲ್ಲಬಹುದು. ಮೊದಲು ಏನನ್ನು ಪರೀಕ್ಷಿಸಬೇಕು ಅಂತ ತೀರ್ಮಾನ ಮಾಡಿ. ಫೋನು, ರೂಟು, ಅಡಾಪ್ಟರು ಎಲ್ಲ ಆಮೇಲಿನ ಮಾತು.

ಪರೀಕ್ಷೆಗೆ ಸಿಗುವುದು ಮುಖ್ಯವಾಗಿ ನಾಲ್ಕು. ಒಂದು, ನೆಟ್‌ವರ್ಕ್ ಮತ್ತು ವೆಬ್‌ಸೈಟುಗಳು. ಎರಡು, ವೈ-ಫೈ ರೇಡಿಯೊ. ಮೂರು, ಯುಎಸ್‌ಬಿ ಮೂಲಕ ಕಂಪ್ಯೂಟರಿನ ಹತ್ತಿರ ಹೋಗಿ ಮಾಡುವ ಪರೀಕ್ಷೆ. ನಾಲ್ಕು, ಮೊಬೈಲ್ ಆಪ್‌ಗಳು. ಮೊದಲನೆಯದಕ್ಕೆ ರೂಟ್ ಬೇಕಾಗಿಲ್ಲ. ಎರಡು ಮತ್ತು ಮೂರನೆಯದಕ್ಕೆ ರೂಟ್ ಅಷ್ಟೇ ಸಾಲದು, ವಿಶೇಷ ಕರ್ನಲ್ಲೂ (ಹಾರ್ಡ್‌ವೇರ್ ಜೊತೆ ಮಾತಾಡುವ, ಸಿಸ್ಟಮ್‌ನ ತಿರುಳು) ಬೇಕು. ನಾಲ್ಕನೆಯದಕ್ಕೆ ಬೇಕಾದ ಫೋನೇ ಬೇರೆ ಥರದ್ದು.

ಅನುಮತಿಯ ವಿಷಯವನ್ನು ಮೊದಲೇ ಹೇಳಿಬಿಡುತ್ತೇನೆ, ಇದರಲ್ಲಿ ರಿಯಾಯಿತಿ ಇಲ್ಲ. ನಮ್ಮ ದೇಶದ 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 43 ಮತ್ತು 66ನೇ ಸೆಕ್ಷನ್‌ಗಳ ಪ್ರಕಾರ, ಅನುಮತಿ ಇಲ್ಲದೆ ಇನ್ನೊಬ್ಬರ ಕಂಪ್ಯೂಟರ್ ಅಥವಾ ನೆಟ್‌ವರ್ಕಿಗೆ ದುರುದ್ದೇಶದಿಂದ ನುಗ್ಗಿದರೆ 3 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು. ಹಾಸ್ಟೆಲ್ ವೈ-ಫೈ ನಿಮ್ಮದಲ್ಲ. ಕಾಲೇಜಿನ ಲ್ಯಾಬೂ ನಿಮ್ಮದಲ್ಲ. ಪಕ್ಕದ ಮನೆಯವರ ರೌಟರ್ ಅಂತೂ ಅಲ್ಲವೇ ಅಲ್ಲ. ಪರೀಕ್ಷಿಸುವ ಸಾಧನ ನಿಮ್ಮ ಸ್ವಂತದ್ದಾಗಿರಬೇಕು, ಇಲ್ಲವೇ ಅದರ ಮಾಲೀಕರು ಬರವಣಿಗೆಯಲ್ಲಿ ಒಪ್ಪಿಗೆ ಕೊಟ್ಟಿರಬೇಕು. ಮುಂದೆ ಬರುವುದೆಲ್ಲ ಈ ಗೆರೆಯ ಒಳಗಿನ ಮಾತು.

ಕಿಸೆಯೊಳಗಿನ ಲಿನಕ್ಸ್ ಹೊಸದೇನಲ್ಲ

ಈ ದಾರಿ ಶುರುವಾಗಿದ್ದು ಆಂಡ್ರಾಯ್ಡ್‌ನಿಂದ ಅಲ್ಲ. 2009ರಲ್ಲಿ ಬಂದ ನೋಕಿಯಾ ಎನ್900 ಮೀಮೊ ಎಂಬ ಲಿನಕ್ಸ್ ಮೇಲೆ ನಡೆಯುತ್ತಿತ್ತು. 600 ಮೆಗಾಹರ್ಟ್ಸ್ ಪ್ರೊಸೆಸರ್, 256 ಎಂಬಿ ರ್‍ಯಾಮ್, ಜಾರಿಸಿ ತೆಗೆಯುವ ಕೀಬೋರ್ಡ್. ಅದರ ವೈ-ಫೈ ಚಿಪ್ಪಿಗೆ ತಿದ್ದಿದ ಡ್ರೈವರ್ ಹಾಕಿದರೆ ಪ್ಯಾಕೆಟ್ ಇಂಜೆಕ್ಷನ್ (ತಾನೇ ಕಟ್ಟಿದ ವೈ-ಫೈ ಸಂದೇಶ ಕಳಿಸುವುದು) ಕೂಡ ಆಗುತ್ತಿತ್ತು. ಅಮೆರಿಕದ ಪ್ವನಿ ಎಕ್ಸ್‌ಪ್ರೆಸ್ ಎಂಬ ಕಂಪನಿ ಇದೇ ಫೋನಿಗೆ ಟೂಲ್‌ಗಳನ್ನು ತುಂಬಿ ಪ್ವನ್ ಫೋನ್ ಅಂತ ಮಾರಿತು. 2014ರಲ್ಲಿ ಅದು ನೆಕ್ಸಸ್ 5ಕ್ಕೆ ಬದಲಾಯಿತು. ಅದೇ ವರ್ಷ ಕಾಲಿ ಲಿನಕ್ಸ್ ಕಟ್ಟುವ ಆಫೆನ್ಸಿವ್ ಸೆಕ್ಯುರಿಟಿ ಸಂಸ್ಥೆ ನೆಕ್ಸಸ್ ಸಾಧನಗಳಿಗಾಗಿ ನೆಟ್‌ಹಂಟರ್ ಬಿಡುಗಡೆ ಮಾಡಿತು. ಈಗ ಫೋನ್ ಅಂದ ಕೂಡಲೇ ಎಲ್ಲರ ಬಾಯಲ್ಲೂ ಬರುವ ಹೆಸರು ಅದೇ.

ಟರ್ಮಕ್ಸ್: ಇಲ್ಲಿಂದಲೇ ಶುರು ಮಾಡಿ

ಟರ್ಮಕ್ಸ್ ಒಂದು ಮಾಮೂಲಿ ಆಪ್. ರೂಟ್ ಬೇಡ, ಫೋನಿನ ವಾರಂಟಿಗೂ ತೊಂದರೆ ಇಲ್ಲ. ತೆರೆದರೆ ಲಿನಕ್ಸ್ ಟರ್ಮಿನಲ್ ಸಿಗುತ್ತದೆ. ಪೈಥಾನ್, ಗಿಟ್, ದೂರದ ಕಂಪ್ಯೂಟರಿಗೆ ಹೋಗುವ ಎಸ್‌ಎಸ್‌ಎಚ್, ನೆಟ್‌ವರ್ಕ್ ಸ್ಕ್ಯಾನ್ ಮಾಡುವ ಎನ್‌ಮ್ಯಾಪ್ ಎಲ್ಲವನ್ನೂ ಒಂದೊಂದು ಸಾಲಿನ ಕಮಾಂಡಿನಲ್ಲಿ ಹಾಕಿಕೊಳ್ಳಬಹುದು. ಬೇಡ ಅನಿಸಿದರೆ ಆಪ್ ತೆಗೆದುಹಾಕಿ, ಫೋನ್ ಮೊದಲಿದ್ದ ಹಾಗೇ ಇರುತ್ತದೆ.

ಇನ್‌ಸ್ಟಾಲ್ ಮಾಡುವಾಗಲೇ ಒಂದು ಎಚ್ಚರಿಕೆ ಬೇಕು. ಆಂಡ್ರಾಯ್ಡ್ 10ರಿಂದ ಗೂಗಲ್ ಒಂದು ನಿಯಮ ತಂದಿತು: ಹೊಸ ಆಂಡ್ರಾಯ್ಡ್ ಆವೃತ್ತಿಗೆಂದು ಕಟ್ಟಿದ ಆಪ್ ತನ್ನ ಫೋಲ್ಡರಿಗೆ ಇಳಿಸಿಕೊಂಡ ಪ್ರೋಗ್ರಾಮನ್ನು ಓಡಿಸುವಂತಿಲ್ಲ. ಟರ್ಮಕ್ಸ್‌ನ ಕೆಲಸವೇ ಅದು ತಾನೇ? ಹಾಗಾಗಿ 2020ರ ಕೊನೆಯ ಹೊತ್ತಿಗೆ ಪ್ಲೇ ಸ್ಟೋರಿನ ಟರ್ಮಕ್ಸ್‌ಗೆ ಅಪ್‌ಡೇಟ್ ನಿಂತುಹೋಯಿತು. ಆಮೇಲೆ ಅಲ್ಲಿ ಬೇರೆಯೇ ಒಂದು ಆವೃತ್ತಿ ಬಂದಿದೆ, ಆದರೆ ಅದಕ್ಕೂ ಮೂಲ ಆವೃತ್ತಿಗೂ ವ್ಯತ್ಯಾಸವಿದೆ. ಎಫ್-ಡ್ರಾಯ್ಡ್ ಎಂಬ ಉಚಿತ ಆಪ್ ತಾಣದಿಂದಲೋ ಯೋಜನೆಯ ಗಿಟ್‌ಹಬ್ ಪುಟದಿಂದಲೋ ತಗೊಳ್ಳಿ. ಟರ್ಮಕ್ಸ್ ಎಪಿಐ ಥರದ ಜೊತೆ ಆಪ್‌ಗಳನ್ನೂ ಅದೇ ಜಾಗದಿಂದಲೇ ತಗೊಳ್ಳಬೇಕು. ಒಂದು ಇಲ್ಲಿಂದ, ಇನ್ನೊಂದು ಅಲ್ಲಿಂದ ಹಾಕಿದರೆ ಆಪ್‌ಗಳ ಡಿಜಿಟಲ್ ಸಹಿ ಹೊಂದದೆ ಇನ್‌ಸ್ಟಾಲ್ ಆಗುವುದಿಲ್ಲ.

ಇದರ ಮಿತಿಗಳು ಏನು, ಯಾಕೆ ಅನ್ನುವುದು ಗೊತ್ತಿದ್ದರೆ ಅರ್ಧ ಗೊಂದಲ ಕಡಿಮೆಯಾಗುತ್ತದೆ. ರೂಟ್ ಇಲ್ಲದಿದ್ದರೆ ಕಚ್ಚಾ ಪ್ಯಾಕೆಟ್ (ನಾವೇ ಕಟ್ಟಿದ ನೆಟ್‌ವರ್ಕ್ ಸಂದೇಶ) ಕಳಿಸಲು ಆಂಡ್ರಾಯ್ಡ್ ಬಿಡುವುದಿಲ್ಲ. ಹಾಗಾಗಿ ಎನ್‌ಮ್ಯಾಪ್‌ನ ಎಸ್‌ವೈಎನ್ ಸ್ಕ್ಯಾನ್ (ಪೂರ್ತಿ ಕನೆಕ್ಷನ್ ಮಾಡದೆ ನೋಡುವುದು) ಆಗುವುದಿಲ್ಲ, ಆಪರೇಟಿಂಗ್ ಸಿಸ್ಟಮ್ ಪತ್ತೆ ಮಾಡುವ ಆಯ್ಕೆಯೂ ನಡೆಯುವುದಿಲ್ಲ. ಪೂರ್ತಿ ಕನೆಕ್ಷನ್ ಮಾಡಿ ನೋಡುವ ಕನೆಕ್ಟ್ ಸ್ಕ್ಯಾನ್ ಮಾತ್ರ ಆಗುತ್ತದೆ. ಅದು ನಿಧಾನ, ಎದುರಿನ ಸರ್ವರಿನ ಲಾಗ್‌ನಲ್ಲಿಯೂ ಸುಲಭವಾಗಿ ಕಾಣುತ್ತದೆ. ಮನೆಯ ರೌಟರಿನಲ್ಲಿ ಯಾವ ಪೋರ್ಟ್ (ಒಂದೊಂದು ಸೇವೆಯ ಬಾಗಿಲಿನ ಸಂಖ್ಯೆ) ತೆರೆದಿದೆ ಅಂತ ನೋಡಲು ಇಷ್ಟು ಧಾರಾಳ ಸಾಕು. 1024ಕ್ಕಿಂತ ಕೆಳಗಿನ ಪೋರ್ಟುಗಳಲ್ಲಿ ಸರ್ವರ್ ನಡೆಸಲೂ ಆಗುವುದಿಲ್ಲ, 8080ರಂಥ ಪೋರ್ಟ್ ಬಳಸಿ. ನೆಟ್‌ವರ್ಕಿನ ಉಳಿದ ಸಾಧನಗಳ ಮ್ಯಾಕ್ ವಿಳಾಸವನ್ನೂ (ಹಾರ್ಡ್‌ವೇರಿನ ಗುರುತು ಸಂಖ್ಯೆ) ಹೊಸ ಆಂಡ್ರಾಯ್ಡ್ ಮುಚ್ಚಿಡುತ್ತದೆ.

ಇನ್ನೊಂದು ಕಾಟ ಆಂಡ್ರಾಯ್ಡ್ 12ರಿಂದ ಶುರುವಾಯಿತು. ಆಪ್‌ಗಳು ಹುಟ್ಟಿಸುವ ಮರಿ ಪ್ರೊಸೆಸ್‌ಗಳು ಎಲ್ಲ ಸೇರಿ 32 ದಾಟಿದರೆ ಸಿಸ್ಟಮ್ ಕೆಲವನ್ನು ಕೊಂದುಹಾಕುತ್ತದೆ. ದೊಡ್ಡ ಸ್ಕ್ಯಾನ್ ನಡೆಯುತ್ತಿರುವಾಗ ಟರ್ಮಕ್ಸ್ ಸಿಗ್ನಲ್ 9 ಅಂತ ತೋರಿಸಿ ನಿಂತುಬಿಟ್ಟರೆ ತಪ್ಪು ನಿಮ್ಮದಲ್ಲ. ಹೊಸ ಆವೃತ್ತಿಗಳ ಡೆವಲಪರ್ ಆಪ್ಷನ್ಸ್‌ನಲ್ಲಿ ಈ ನಿರ್ಬಂಧ ತೆಗೆಯುವ ಸ್ವಿಚ್ ಇದೆ. ಅದರ ಜೊತೆಗೆ ಟರ್ಮಕ್ಸ್‌ಗೆ ಬ್ಯಾಟರಿ ಉಳಿತಾಯದಿಂದ ವಿನಾಯಿತಿ ಕೊಡಿ.

ಇಷ್ಟೆಲ್ಲ ಮಿತಿ ಇದ್ದರೂ ಕಲಿಯುವವರಿಗೆ ನಾನು ಟರ್ಮಕ್ಸನ್ನೇ ಹೇಳುವುದು ಏಕೆ? ಮೊದಲ ಆರು ತಿಂಗಳು ಬೇಕಾಗುವುದು ಲಿನಕ್ಸ್, ನೆಟ್‌ವರ್ಕಿಂಗ್, ಎಚ್‌ಟಿಟಿಪಿ, ಸ್ವಲ್ಪ ಪೈಥಾನ್. ಅದೆಲ್ಲ ಇದರಲ್ಲಿ ಪೂರ್ತಿ ಸಿಗುತ್ತದೆ. ಓವರ್ ದಿ ವೈರ್ ಎಂಬ ಉಚಿತ ತಾಣದಲ್ಲಿ ಬ್ಯಾಂಡಿಟ್ ಅನ್ನುವ ಆಟ ಇದೆ. ಎಸ್‌ಎಸ್‌ಎಚ್ ಮೂಲಕ ಒಳಗೆ ಹೋಗಿ, ಒಂದೊಂದೇ ಹಂತದ ಪಾಸ್‌ವರ್ಡ್ ಹುಡುಕುತ್ತ ಲಿನಕ್ಸ್ ಕಲಿಯುವುದು. ಅದಕ್ಕೆ ಟರ್ಮಕ್ಸ್ ಬಿಟ್ಟು ಬೇರೇನೂ ಬೇಡ. ಪಿಎಚ್‌ಪಿ ಮತ್ತು ಮಾರಿಯಾಡಿಬಿ ಹಾಕಿಕೊಂಡರೆ ಡಿವಿಡಬ್ಲ್ಯೂಎ ಎಂಬ, ಬೇಕೆಂದೇ ದುರ್ಬಲವಾಗಿ ಕಟ್ಟಿದ ವೆಬ್ ಆಪನ್ನು ಅದೇ ಫೋನಿನಲ್ಲಿ ನಡೆಸಬಹುದು. ಆಗ ಪರೀಕ್ಷಿಸುವವರೂ ನೀವೇ, ಮಾಲೀಕರೂ ನೀವೇ. ಒಂದು ಬ್ಲೂಟೂತ್ ಕೀಬೋರ್ಡ್ ಇದ್ದರೆ ಕೈಗೂ ಕಣ್ಣಿಗೂ ಆರಾಮ. ಚಿಕ್ಕ ಪರದೆಯಲ್ಲಿ ಕೀಬೋರ್ಡೇ ಅರ್ಧ ಜಾಗ ತಿಂದರೆ ಓದುವುದು ಹೇಗೆ?

ಟೆಲಿಗ್ರಾಮ್ ಗುಂಪುಗಳಲ್ಲಿ "ಟರ್ಮಕ್ಸ್‌ನಲ್ಲಿ ಇನ್‌ಸ್ಟಾಗ್ರಾಮ್ ಹ್ಯಾಕ್" ಅಂತ ಓಡಾಡುವ ಸ್ಕ್ರಿಪ್ಟ್‌ಗಳನ್ನು ಮಾತ್ರ ಮುಟ್ಟಬೇಡಿ. ಅವು ಹೇಳಿದ್ದನ್ನು ಮಾಡುವುದಿಲ್ಲ. ಟರ್ಮಕ್ಸ್‌ಗೆ ಸ್ಟೋರೇಜ್ ಅನುಮತಿ ಕೊಟ್ಟಿದ್ದರೆ ನಿಮ್ಮ ಫೋಟೊ, ಡಾಕ್ಯುಮೆಂಟ್ ಎಲ್ಲ ಆ ಸ್ಕ್ರಿಪ್ಟಿನ ಕೈಗೆ ಸಿಗುತ್ತದೆ. ಓದಿ ಅರ್ಥವಾಗದ ಕೋಡನ್ನು ಓಡಿಸದೇ ಇರುವುದು ಈ ಕೆಲಸದ ಮೊದಲ ಅಭ್ಯಾಸ.

ನೆಟ್‌ಹಂಟರ್: ಮೂರು ರೂಪ, ಮೂರು ಬೆಲೆ

ನೆಟ್‌ಹಂಟರ್ ಅಂದರೆ ಒಂದೇ ವಸ್ತು ಅಂದುಕೊಂಡವರು ಜಾಸ್ತಿ. ಅದರಲ್ಲಿ ಮೂರು ಆವೃತ್ತಿಗಳಿವೆ, ಮೂರಕ್ಕೂ ಅಜಗಜಾಂತರ.

ರೂಟ್‌ಲೆಸ್ ಆವೃತ್ತಿ ಟರ್ಮಕ್ಸ್ ಒಳಗೇ ಕೂರುತ್ತದೆ. ರೂಟ್ ಇದ್ದ ಹಾಗೆ ನಟಿಸುವ ಪ್ರೂಟ್ ಎಂಬ ಉಪಾಯದಿಂದ ಪೂರ್ತಿ ಕಾಲಿ ಲಿನಕ್ಸನ್ನು ಅಲ್ಲಿ ನಡೆಸುತ್ತದೆ. ಕೆಕ್ಸ್ ಎಂಬ ಸೌಲಭ್ಯದಿಂದ ಕಾಲಿಯ ಡೆಸ್ಕ್‌ಟಾಪ್ ಕೂಡ ಫೋನಿನ ಪರದೆ ಮೇಲೆ ಕಾಣುತ್ತದೆ. ನೋಡಲು ಚೆನ್ನ. ಆದರೆ ಅಲ್ಲಿ ಕಾಣುವ ರೂಟ್ ನಿಜವಾದ ರೂಟ್ ಅಲ್ಲ. ಮೇಲೆ ಹೇಳಿದ ಟರ್ಮಕ್ಸ್ ಮಿತಿಗಳೆಲ್ಲ ಹಾಗೇ ಉಳಿಯುತ್ತವೆ, ಪ್ರೂಟ್‌ನಿಂದ ವೇಗವೂ ಕಡಿಮೆಯಾಗುತ್ತದೆ, ಹಲವು ಜಿಬಿ ಜಾಗವೂ ಹೋಗುತ್ತದೆ. ಕಾಲಿಯ ಟೂಲ್‌ಗಳ ದೊಡ್ಡ ಸಂಗ್ರಹ ಒಂದೇ ಕಡೆ ಬೇಕು ಅನ್ನುವವರಿಗೆ ಇದು ಸರಿ. ನಾಲ್ಕೈದು ಟೂಲ್ ಮಾತ್ರ ಬಳಸುವವರಿಗೆ ಸುಮ್ನೆ ಟರ್ಮಕ್ಸ್ ಸಾಕು.

ಲೈಟ್ ಆವೃತ್ತಿಗೆ ರೂಟ್ ಮಾಡಿದ ಫೋನ್ ಬೇಕು. ಪ್ರೂಟ್ ಬದಲು ನಿಜವಾದ ಕ್ರೂಟ್ (ರೂಟ್ ಅಧಿಕಾರದಲ್ಲಿ ನಡೆಯುವ ಪ್ರತ್ಯೇಕ ಲಿನಕ್ಸ್ ಜಾಗ) ಸಿಗುತ್ತದೆ, ಹಾಗಾಗಿ ವೇಗವಾಗಿರುತ್ತದೆ. ಕಚ್ಚಾ ಪ್ಯಾಕೆಟ್‌ಗಳಿಗೂ ದಾರಿಯಾಗುತ್ತದೆ. ಆದರೆ ಫೋನಿನ ಕರ್ನಲ್ ಹಳೆಯದೇ ಇರುವುದರಿಂದ ವೈ-ಫೈ ಇಂಜೆಕ್ಷನ್ ಆಗಲಿ, ಯುಎಸ್‌ಬಿ ಕೀಬೋರ್ಡ್ ಥರ ನಟಿಸುವುದಾಗಲಿ ಬರುವುದಿಲ್ಲ. ನನ್ನ ಪ್ರಕಾರ ಮೂರರಲ್ಲಿ ಇದು ಇಕ್ಕಟ್ಟಿನ ಆಯ್ಕೆ. ರೂಟ್ ಮಾಡಿದ ಅಪಾಯವನ್ನೆಲ್ಲ ಹೊತ್ತು, ಸಿಗುವುದು ಅರ್ಧ ಲಾಭ. ಬೇರೆ ಕಾರಣಕ್ಕೆ ಈಗಾಗಲೇ ರೂಟ್ ಆಗಿರುವ ಫೋನ್ ಇದ್ದರೆ ಮಾತ್ರ ಇದನ್ನು ನೋಡಿ.

ಪೂರ್ತಿ ನೆಟ್‌ಹಂಟರ್ ಅಂದರೆ ಆಯಾ ಫೋನಿಗೆಂದೇ ಕಟ್ಟಿದ ಕರ್ನಲ್ ಸೇರಿರುವುದು. ಹಳೆಯ ನೆಕ್ಸಸ್‌ಗಳು, ಒನ್‌ಪ್ಲಸ್ ಒನ್, ಒನ್‌ಪ್ಲಸ್ 7 ಇಂಥ ಫೋನುಗಳ ಪಟ್ಟಿಯೇ ಕಾಲಿ ತಾಣದಲ್ಲಿದೆ. ಪಟ್ಟಿಯಲ್ಲಿ ನಿಮ್ಮ ಮಾಡೆಲ್ ಇಲ್ಲದಿದ್ದರೆ ಪೂರ್ತಿ ನೆಟ್‌ಹಂಟರ್ ನಿಮಗಿಲ್ಲ, ಅಷ್ಟೇ. ಅಕ್ಕಪಕ್ಕದ ಮಾಡೆಲಿನ ಕರ್ನಲ್ ಹಾಕಿದರೆ ಫೋನ್ ಏಳದೇ ಹೋಗಬಹುದು. ಇದ್ದರೆ ಮಾತ್ರ ನಿಜಕ್ಕೂ ಬಲವಾದ ಸಾಧನ. ಫೋನನ್ನು ಯುಎಸ್‌ಬಿ ಕೇಬಲ್ಲಿನಲ್ಲಿ ಕಂಪ್ಯೂಟರಿಗೆ ಚುಚ್ಚಿದರೆ ಅದು ಕೀಬೋರ್ಡ್ ಆಗಿ, ಇಲ್ಲವೇ ನೆಟ್‌ವರ್ಕ್ ಕಾರ್ಡ್ ಆಗಿ ಕಾಣಿಸಿಕೊಳ್ಳುತ್ತದೆ. ಕಚೇರಿಯ ಕಂಪ್ಯೂಟರುಗಳು ಸಿಕ್ಕ ಯುಎಸ್‌ಬಿ ಸಾಧನವನ್ನೆಲ್ಲ ನಂಬುತ್ತವೆಯೋ ಇಲ್ಲವೋ ಅಂತ ಅನುಮತಿ ಪಡೆದು ಪರೀಕ್ಷಿಸುವವರಿಗೆ ಇದಕ್ಕಿಂತ ಅನುಕೂಲದ ಸಾಧನ ಕಡಿಮೆ. ಲ್ಯಾಪ್‌ಟಾಪ್ ಹಿಡಿದು ನಿಂತವರನ್ನು ಎಲ್ಲರೂ ನೋಡುತ್ತಾರೆ, ಫೋನ್ ಹಿಡಿದವರನ್ನು ಯಾರೂ ಗಮನಿಸುವುದಿಲ್ಲ ಅಲ್ವಾ? ಕಂಪನಿಗಳು ಇದನ್ನು ಪರೀಕ್ಷೆ ಮಾಡಿಸಿಕೊಳ್ಳುವುದೂ ಅದೇ ಕಾರಣಕ್ಕೆ.

ವೈ-ಫೈ ವಿಷಯ ಬಿಡಿಸಿ ಹೇಳಬೇಕು

ತುಂಬ ಜನ ಫೋನ್ ರೂಟ್ ಮಾಡುವುದೇ ವೈ-ಫೈ ಪರೀಕ್ಷೆಗಾಗಿ, ನಿರಾಶೆಯಾಗುವುದೂ ಅದರಲ್ಲೇ. ಗಾಳಿಯಲ್ಲಿ ಹೋಗುವ ಎಲ್ಲ ವೈ-ಫೈ ಚೌಕಟ್ಟುಗಳನ್ನು (ಫ್ರೇಮ್, ಅಂದರೆ ಸಂದೇಶದ ತುಂಡುಗಳು) ಕೇಳಿಸಿಕೊಳ್ಳುವುದಕ್ಕೆ ಮಾನಿಟರ್ ಮೋಡ್ ಬೇಕು. ತಾನೇ ಚೌಕಟ್ಟು ಕಳಿಸುವುದಕ್ಕೆ ಇಂಜೆಕ್ಷನ್ ಬೇಕು. ಇವೆರಡೂ ಚಿಪ್ಪಿನ ಫರ್ಮ್‌ವೇರ್ (ಚಿಪ್ಪಿನೊಳಗೇ ಓಡುವ ಸಾಫ್ಟ್‌ವೇರ್) ಮತ್ತು ಡ್ರೈವರ್ ಕೈಯಲ್ಲಿವೆ. ರೂಟ್ ಇದ್ದ ಮಾತ್ರಕ್ಕೆ ಬರುವುದಿಲ್ಲ. ಫೋನ್ ಕಂಪನಿಗಳು ಬ್ಯಾಟರಿ ಉಳಿಸುವುದಕ್ಕಾಗಿ ಹೆಚ್ಚಿನ ಕೆಲಸವನ್ನು ಚಿಪ್ಪಿನೊಳಗೇ ಮಾಡಿಸುತ್ತವೆ, ಹೊರಗಿನವರಿಗೆ ಬಾಗಿಲು ತೆರೆಯುವುದಿಲ್ಲ. ಜರ್ಮನಿಯ ಡಾರ್ಮ್‌ಸ್ಟಾಟ್ ತಾಂತ್ರಿಕ ವಿಶ್ವವಿದ್ಯಾಲಯದ ಸೀಮೂ ಲ್ಯಾಬಿನವರು ನೆಕ್ಸ್‌ಮಾನ್ ಎಂಬ ಯೋಜನೆಯಲ್ಲಿ ಬ್ರಾಡ್‌ಕಾಮ್ ಚಿಪ್ಪುಗಳ ಫರ್ಮ್‌ವೇರನ್ನೇ ತಿದ್ದಿ ಈ ಬಾಗಿಲು ತೆರೆದರು. ನೆಕ್ಸಸ್ 5 ಇವತ್ತಿಗೂ ಕೆಲವರ ಡ್ರಾಯರಿನಲ್ಲಿ ಉಳಿದಿರುವುದು ಅದರಿಂದಲೇ.

ಉಳಿದ ಫೋನುಗಳಿಗೆ ಹೊರಗಿನ ಅಡಾಪ್ಟರ್ ಬೇಕು. ಫೋನಿಗೆ ಯುಎಸ್‌ಬಿ ಸಾಧನ ಜೋಡಿಸುವ ಓಟಿಜಿ ಕೇಬಲ್, ಅದರ ತುದಿಗೆ ಯುಎಸ್‌ಬಿ ವೈ-ಫೈ. ಇಲ್ಲಿ ಚಿಪ್ಪಿನ ಹೆಸರು ನೋಡಿ ಕೊಳ್ಳಬೇಕು, ಡಬ್ಬದ ಹೆಸರು ನೋಡಿ ಅಲ್ಲ. ಅಥೆರಾಸ್ ಎಆರ್9271 ಚಿಪ್ಪು ಹಳೆಯದು, 2.4 ಗಿಗಾಹರ್ಟ್ಸ್ ಮಾತ್ರ ಹಿಡಿಯುತ್ತದೆ, ಆದರೆ ನಂಬಿಕಸ್ಥ. ಆಲ್ಫಾ ಎನ್‌ಎಚ್‌ಎ ಮಾಡೆಲಿನಲ್ಲಿ ಅದೇ ಇದೆ. ಟಿಪಿ-ಲಿಂಕ್ 722ಎನ್ ಅಡಾಪ್ಟರಿನ ಮೊದಲ ಆವೃತ್ತಿಯಲ್ಲೂ ಇದೇ ಚಿಪ್ಪಿತ್ತು. ಎರಡನೇ ಆವೃತ್ತಿಯಿಂದ ರಿಯಲ್‌ಟೆಕ್ ಚಿಪ್ಪು ಬಂತು, ಹೊರಮೈ ಮಾತ್ರ ಹಾಗೇ ಇದೆ. ಆನ್‌ಲೈನಿನಲ್ಲಾಗಲಿ, ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲಾಗಲಿ ಕೊಳ್ಳುವಾಗ ಹಿಂಬದಿಯ ಲೇಬಲ್‌ನಲ್ಲಿ ಆವೃತ್ತಿ ಸಂಖ್ಯೆ ನೋಡಿಯೇ ದುಡ್ಡು ಕೊಡಿ. 5 ಗಿಗಾಹರ್ಟ್ಸ್ ಕೂಡ ಬೇಕೆಂದರೆ ರಿಯಲ್‌ಟೆಕ್ 8812ಎಯು ಚಿಪ್ಪಿನ ಅಡಾಪ್ಟರುಗಳಿವೆ. ಅವು ಕರೆಂಟ್ ಜಾಸ್ತಿ ಎಳೆಯುತ್ತವೆ, ಫೋನಿನ ಓಟಿಜಿಗೆ ಭಾರ. ಹೊರಗಿನಿಂದ ಪವರ್ ಕೊಡುವ ಹಬ್ ಇಟ್ಟುಕೊಳ್ಳಬೇಕಾಗುತ್ತದೆ. ಯಾವ ಅಡಾಪ್ಟರ್ ತಂದರೂ ಅದರ ಡ್ರೈವರ್ ಫೋನಿನ ಕರ್ನಲ್‌ನಲ್ಲಿ ಇರಲೇಬೇಕು. ಪೂರ್ತಿ ನೆಟ್‌ಹಂಟರ್ ಬೇಕಾಗುವುದು ಇದಕ್ಕಾಗಿಯೇ.

ಸಿಕ್ಕ ಹ್ಯಾಂಡ್‌ಶೇಕಿನಿಂದ (ಸಾಧನ ವೈ-ಫೈಗೆ ಸೇರುವಾಗ ನಡೆಯುವ ಸಂದೇಶ ವಿನಿಮಯ) ಪಾಸ್‌ವರ್ಡ್ ಎಷ್ಟು ಗಟ್ಟಿ ಅಂತ ಅಳೆಯುವ ಕೆಲಸವನ್ನು ಫೋನಿನಲ್ಲಿ ಮಾಡಬೇಡಿ. ಡಬ್ಲ್ಯುಪಿಎ2 ಎಂಬ ವೈ-ಫೈ ಭದ್ರತಾ ಪದ್ಧತಿಯಲ್ಲಿ ಒಂದೊಂದು ಊಹೆಗೂ 4096 ಸುತ್ತು ಲೆಕ್ಕ ನಡೆಯುತ್ತದೆ. ಫೋನ್ ಬಿಸಿಯಾಗಿ, ಬ್ಯಾಟರಿ ಉಬ್ಬುವ ದಾರಿ ಅದು. ಆ ಕಡತವನ್ನು ಗ್ರಾಫಿಕ್ಸ್ ಕಾರ್ಡ್ ಇರುವ ಕಂಪ್ಯೂಟರಿಗೆ ಕಳಿಸಿ. ಹಿಡಿಯುವುದು ಫೋನಿನ ಕೆಲಸ, ಒಡೆಯುವುದು ಕಂಪ್ಯೂಟರಿನ ಕೆಲಸ.

ಇನ್ನುಳಿದ ಮೂರು ದಾರಿ

2025ರ ಮಾರ್ಚ್‌ನಲ್ಲಿ ಗೂಗಲ್ ತನ್ನ ಪಿಕ್ಸೆಲ್ ಫೋನುಗಳಿಗೆ ಲಿನಕ್ಸ್ ಟರ್ಮಿನಲ್ ಕೊಟ್ಟಿತು. ಡೆವಲಪರ್ ಆಪ್ಷನ್ಸ್‌ನಲ್ಲಿ ಆನ್ ಮಾಡಿದರೆ ಪ್ರತ್ಯೇಕ ವರ್ಚುವಲ್ ಮಷೀನಿನಲ್ಲಿ (ಫೋನಿನೊಳಗಿನ ನಕಲಿ ಕಂಪ್ಯೂಟರ್) ಡೆಬಿಯನ್ ಲಿನಕ್ಸ್ ಓಡುತ್ತದೆ. ಆ ಡೆಬಿಯನ್ ಒಳಗೆ ನಿಮಗೆ ನಿಜವಾದ ರೂಟ್ ಇರುತ್ತದೆ, ಫೋನಿಗೆ ಮಾತ್ರ ಏನೂ ಆಗುವುದಿಲ್ಲ. ಕಲಿಕೆಗೆ ತುಂಬ ಒಳ್ಳೆಯದು. ಆದರೆ ವರ್ಚುವಲ್ ಮಷೀನಿಗೆ ಫೋನಿನ ವೈ-ಫೈ ಚಿಪ್ಪು ಕಾಣುವುದಿಲ್ಲ, ಹಾಗಾಗಿ ರೇಡಿಯೊ ಕೆಲಸಕ್ಕೆ ಉಪಯೋಗವಿಲ್ಲ. ನಿಮ್ಮ ಫೋನಿನಲ್ಲಿ ಈ ಆಯ್ಕೆ ಇದ್ದರೆ ರೂಟ್‌ಲೆಸ್ ನೆಟ್‌ಹಂಟರ್‌ಗಿಂತ ಇದನ್ನೇ ಮೊದಲು ನೋಡಿ ಅನ್ನುತ್ತೇನೆ.

ಪೈನ್64 ಕಂಪನಿಯ ಪೈನ್‌ಫೋನ್ ಆಂಡ್ರಾಯ್ಡೇ ಇಲ್ಲದ ಲಿನಕ್ಸ್ ಫೋನ್. ಮೋಡೆಮ್, ವೈ-ಫೈ, ಮೈಕ್, ಕ್ಯಾಮೆರಾಗಳನ್ನು ಕಡಿಯಲು ಒಳಗೆ ಚಿಕ್ಕ ಸ್ವಿಚ್ಚುಗಳಿವೆ. ನೆಟ್‌ಹಂಟರ್ ಪ್ರೊ ಎಂಬ ಕಾಲಿಯ ಆವೃತ್ತಿ ಇದಕ್ಕಿದೆ. ಆದರೆ ಆಲ್‌ವಿನ್ನರ್ ಎ64 ಪ್ರೊಸೆಸರ್, 2 ಅಥವಾ 3 ಜಿಬಿ ರ್‍ಯಾಮ್ ಅಂದರೆ ತುಂಬ ನಿಧಾನ. ಹೊರದೇಶದಿಂದ ತರಿಸಿ, ಕಸ್ಟಮ್ಸ್ ಕಟ್ಟಿ, ಕೆಟ್ಟರೆ ರಿಪೇರಿ ಮಾಡುವವರಿಲ್ಲದೆ ಒದ್ದಾಡುವುದು ಕಲಿಯುವವರಿಗೆ ಬೇಡ. ಲಿನಕ್ಸ್ ಕರ್ನಲ್ ಮೇಲೇ ಪ್ರೀತಿ ಇರುವವರಿಗೆ ಒಳ್ಳೆಯ ಆಟದ ಮೈದಾನ.

ಐಫೋನನ್ನು ಪರೀಕ್ಷೆಯ ಆಯುಧವಾಗಿ ಬಳಸಲು ಹೋಗಬೇಡಿ. ಐಶ್ ಎಂಬ ಆಪ್‌ನಲ್ಲಿ ಆಲ್ಪೈನ್ ಲಿನಕ್ಸ್ ನಡೆಯುತ್ತದೆ, ಆದರೆ ಬೇರೆ ಪ್ರೊಸೆಸರನ್ನು ಅನುಕರಿಸಿ ಓಡುವುದರಿಂದ ಕುಂಟುತ್ತದೆ. ಎಸ್‌ಎಸ್‌ಎಚ್ ಮಾಡಿ ಬೇರೆ ಸರ್ವರಿಗೆ ಹೋಗಲು ಸಾಕು. ಐಫೋನಿನ ನಿಜವಾದ ಉಪಯೋಗ ಪರೀಕ್ಷೆಗೆ ಒಳಗಾಗುವ ಫೋನಾಗಿ.

ನನ್ನ ಮೆಚ್ಚಿನ ಆಯ್ಕೆ: ಆಪ್ ಪರೀಕ್ಷೆಗೆ ಎರಡನೇ ಫೋನ್

ಕೆಲಸ ಸಿಗುವ ದೃಷ್ಟಿಯಿಂದ ನೋಡಿದರೆ ಫೋನಿನಿಂದ ಹೊರಗೆ ದಾಳಿ ಮಾಡುವುದಕ್ಕಿಂತ ಫೋನಿನೊಳಗಿನ ಆಪ್ ಪರೀಕ್ಷಿಸುವುದಕ್ಕೇ ಬೇಡಿಕೆ ಜಾಸ್ತಿ. ಬ್ಯಾಂಕು, ಆಸ್ಪತ್ರೆ, ದಿನಸಿ ಅಂಗಡಿ, ಸರ್ಕಾರಿ ಸೇವೆ, ಎಲ್ಲವೂ ಆಪ್ ಆಗಿವೆ. ಅವುಗಳಲ್ಲಿ ನಮ್ಮ ಅಪ್ಪ ಅಮ್ಮಂದಿರ ದುಡ್ಡು, ದಾಖಲೆ ಇವೆ. ಇದನ್ನು ಚೆನ್ನಾಗಿ ಪರೀಕ್ಷಿಸುವವರು ನಮಗೆ ಬೇಕು. ಯಾವ ದಾರಿ ಆರಿಸಲಿ ಅಂತ ಕೇಳಿದವರಿಗೆಲ್ಲ ನಾನು ಇದನ್ನೇ ಒತ್ತಿ ಹೇಳುವುದು.

ಇದಕ್ಕೆ ಲ್ಯಾಪ್‌ಟಾಪ್ ಒಂದು ಬೇಕು, ಸಾಧಾರಣದ್ದಾದರೂ ಸರಿ. ಅದರ ಜೊತೆಗೆ ರೂಟ್ ಮಾಡಿದ ಹಳೆಯ ಆಂಡ್ರಾಯ್ಡ್ ಫೋನ್. ಲ್ಯಾಪ್‌ಟಾಪಿನಲ್ಲಿ ಬರ್ಪ್ ಸೂಟ್ ನಡೆಸಿ, ಫೋನಿನ ಟ್ರಾಫಿಕ್ ಅದರ ಮೂಲಕ ಹೋಗುವಂತೆ ಮಾಡಿದರೆ ಆಪ್ ಮತ್ತು ಸರ್ವರ್ ನಡುವಿನ ಮಾತುಕತೆ ಕಾಣುತ್ತದೆ. ರೂಟ್ ಯಾಕೆ ಅಂದರೆ, ಆಂಡ್ರಾಯ್ಡ್ 7ರಿಂದ ಈಚೆಗೆ, ಟ್ರಾಫಿಕ್ ಬಿಚ್ಚಿ ನೋಡಲು ನಾವು ಹಾಕಿದ ಸರ್ಟಿಫಿಕೇಟನ್ನು ಆಪ್‌ಗಳು ತಾವಾಗಿ ನಂಬುವುದಿಲ್ಲ. ಅದನ್ನು ಸಿಸ್ಟಮ್ ಜಾಗಕ್ಕೆ ಸೇರಿಸಬೇಕು. ರೂಟ್ ಮಾಡಲು ಬಳಸುವ ಮ್ಯಾಜಿಸ್ಕ್ ಎಂಬ ಟೂಲಿನ ಮಾಡ್ಯೂಲ್‌ಗಳು ಆ ಕೆಲಸ ಮಾಡುತ್ತವೆ. ಆಂಡ್ರಾಯ್ಡ್ 14ರಲ್ಲಿ ಸರ್ಟಿಫಿಕೇಟುಗಳ ಜಾಗವೇ ಬದಲಾಯಿತು, ಹಳೆಯ ಮಾಡ್ಯೂಲ್‌ಗಳು ಅಲ್ಲಿ ನಡೆಯುವುದಿಲ್ಲ. ಆದ್ದರಿಂದ ಪರೀಕ್ಷೆಗೆಂದೇ ಇಟ್ಟ ಫೋನಿನಲ್ಲಿ ಆಂಡ್ರಾಯ್ಡ್ 11, 12 ಅಥವಾ 13 ಇದ್ದರೆ ತಲೆನೋವು ಕಡಿಮೆ. ಆಮೇಲೆ ಫ್ರಿಡಾ ಕಲಿಯಿರಿ. ಓಡುತ್ತಿರುವ ಆಪ್‌ನ ಒಳಗಿನ ಫಂಕ್ಷನ್‌ಗಳನ್ನು ನೋಡಲು, ಬದಲಿಸಲು ಅದು ಬೇಕು.

ಅಭ್ಯಾಸಕ್ಕೆ ದಿವಾ, ಇನ್‌ಸೆಕ್ಯೂರ್ ಬ್ಯಾಂಕ್ ಥರದ, ಬೇಕೆಂದೇ ತಪ್ಪುಗಳನ್ನಿಟ್ಟು ಕಟ್ಟಿದ ಆಪ್‌ಗಳಿವೆ. ಏನೇನು ನೋಡಬೇಕು ಅನ್ನುವುದಕ್ಕೆ ಓವಾಸ್ಪ್ ಸಂಸ್ಥೆಯ ಮೊಬೈಲ್ ಪರೀಕ್ಷಾ ಕೈಪಿಡಿ ಉಚಿತವಾಗಿ ಸಿಗುತ್ತದೆ. ಆಪ್ ಕಡತವನ್ನು ಕೊಟ್ಟರೆ ಮೊದಲ ವರದಿ ಮಾಡಿಕೊಡುವ ಮಾಬ್‌ಎಸ್‌ಎಫ್ ಕೂಡ ಉಚಿತ. ಫೋನ್ ರೂಟ್ ಮಾಡಲು ಇಷ್ಟವಿಲ್ಲದವರು ಪಿಕ್ಯಾಪ್‌ಡ್ರಾಯ್ಡ್ ಹಾಕಿ ನೋಡಿ. ಫೋನಿನೊಳಗೇ ವಿಪಿಎನ್ ಥರ ಕೂತು, ಯಾವ ಆಪ್ ಯಾವ ಸರ್ವರಿಗೆ ಹೋಗುತ್ತಿದೆ ಅಂತ ತೋರಿಸುತ್ತದೆ. ಟಾರ್ಚ್ ಆಪ್ ಒಂದು ಎಷ್ಟು ಜಾಹೀರಾತು ಕಂಪನಿಗಳ ಜೊತೆ ಮಾತಾಡುತ್ತದೆ ಅಂತ ಮನೆಯವರಿಗೆ ತೋರಿಸಿ, ಪಾಠ ತಾನಾಗಿ ಆಗುತ್ತದೆ.

ಲ್ಯಾಪ್‌ಟಾಪ್‌ನಲ್ಲಿ ರ್‍ಯಾಮ್ ಚೆನ್ನಾಗಿದ್ದರೆ ಎರಡನೇ ಫೋನಿನ ಬದಲು ಆಂಡ್ರಾಯ್ಡ್ ಎಮ್ಯುಲೇಟರ್ (ಕಂಪ್ಯೂಟರಿನಲ್ಲಿ ಓಡುವ ನಕಲಿ ಫೋನ್) ಸಾಕಾಗಬಹುದು. ಪ್ಲೇ ಸ್ಟೋರ್ ಇಲ್ಲದ ಇಮೇಜ್ ಆರಿಸಿದರೆ ರೂಟ್ ಕೂಡ ಸುಲಭವಾಗಿ ಸಿಗುತ್ತದೆ. ಎಮ್ಯುಲೇಟರ್ ಕಂಡರೆ ನಿಂತುಬಿಡುವ ಆಪ್‌ಗಳು, ಬ್ಲೂಟೂತ್ ಅಥವಾ ಎನ್‌ಎಫ್‌ಸಿ (ಕಾರ್ಡನ್ನು ಹತ್ತಿರ ಹಿಡಿದು ಓದುವ ರೇಡಿಯೊ) ಬಳಸುವ ಆಪ್‌ಗಳು ಬಂದಾಗ ಮಾತ್ರ ನಿಜವಾದ ಫೋನ್ ಬೇಕಾಗುತ್ತದೆ.

ಐಫೋನ್ ಆಪ್ ಪರೀಕ್ಷೆಗೆ ಐಫೋನ್ 8 ಅಥವಾ ಎಕ್ಸ್ ಹುಡುಕಿ. 2019ರ ಸೆಪ್ಟೆಂಬರ್‌ನಲ್ಲಿ ಹೊರಬಂದ ಚೆಕ್‌ಎಂ8 ದೋಷ ಐಫೋನ್ 4ಎಸ್‌ನಿಂದ ಎಕ್ಸ್‌ವರೆಗಿನ ಚಿಪ್ಪುಗಳ ಬೂಟ್ ರಾಮ್‌ನಲ್ಲೇ (ಫೋನ್ ಏಳುವಾಗ ಮೊದಲು ಓಡುವ, ಬದಲಿಸಲಾಗದ ಕೋಡ್) ಇದೆ. ಅದು ಅಪ್‌ಡೇಟಿನಿಂದ ಸರಿಯಾಗುವಂಥದ್ದಲ್ಲ. ಹಾಗಾಗಿ ಇವನ್ನು ಜೈಲ್‌ಬ್ರೇಕ್ ಮಾಡುವ (ಆಪಲ್ ಹಾಕಿದ ಬೀಗ ತೆಗೆದು ಪೂರ್ತಿ ಅಧಿಕಾರ ಪಡೆಯುವ) ದಾರಿ ಉಳಿದೇ ಇದೆ. ಐಫೋನ್ 8, ಎಕ್ಸ್ ಎರಡೂ ಐಓಎಸ್ 16ಕ್ಕೆ ನಿಂತಿವೆ. ಪಾಸ್‌ಕೋಡ್ ಇಲ್ಲದೆ ಇಟ್ಟುಕೊಳ್ಳಬೇಕಾಗುವುದರಿಂದ ದಿನಬಳಕೆಗೆ ಖಂಡಿತ ಆಗುವುದಿಲ್ಲ.

ಟರ್ಮಿನಲ್ಲೇ ಬೇಡ ಅನ್ನುವವರಿಗೂ ಫೋನಿನಲ್ಲಿ ಕೆಲಸವಿದೆ. ನಾರ್ಡಿಕ್ ಕಂಪನಿಯ ಎನ್‌ಆರ್‌ಎಫ್ ಕನೆಕ್ಟ್ ಆಪ್‌ನಲ್ಲಿ ಸುತ್ತಲಿನ ಬ್ಲೂಟೂತ್ ಸಾಧನಗಳು ಏನೇನು ಹೇಳಿಕೊಳ್ಳುತ್ತಿವೆ ಅಂತ ಕಾಣುತ್ತದೆ. ನಿಮ್ಮ ಸ್ಮಾರ್ಟ್ ಬಲ್ಬು, ಕೈಗಡಿಯಾರದಿಂದ ಶುರು ಮಾಡಿ. ಎನ್‌ಎಫ್‌ಸಿ ಇರುವ ಫೋನಿನಲ್ಲಿ ಎನ್‌ಎಕ್ಸ್‌ಪಿ ಕಂಪನಿಯ ಟ್ಯಾಗ್‌ಇನ್ಫೊ ಆಪ್ ಹಾಕಿದರೆ ಕಾರ್ಡ್ ಯಾವ ಬಗೆಯದು ಅಂತ ಗೊತ್ತಾಗುತ್ತದೆ. ಕಚೇರಿಯ ಬಾಗಿಲಿನ ಕಾರ್ಡ್ ಮೈಫೇರ್ ಕ್ಲಾಸಿಕ್ ಆಗಿದ್ದರೆ ಆಡಳಿತದವರಿಗೆ ತಿಳಿಸಿ. ಅದರ ಗೂಢಲಿಪಿ 2008ರಲ್ಲೇ ಮುರಿದುಬಿದ್ದಿದೆ. ಇಂಥ ಕೆಲಸಕ್ಕೆ ಲ್ಯಾಪ್‌ಟಾಪಿಗಿಂತ ಫೋನೇ ಮೇಲು.

ಯಾರಿಗೆ ಯಾವುದು, ಕೊಳ್ಳುವಾಗ ಏನು ನೋಡಬೇಕು

ಒಂದೇ ಫೋನ್ ಇರುವ ವಿದ್ಯಾರ್ಥಿಗೆ ಟರ್ಮಕ್ಸ್, ಇನ್ನೇನೂ ಬೇಡ. ಹಳೆಯ ಲ್ಯಾಪ್‌ಟಾಪ್ ಇದ್ದು ಸ್ವಲ್ಪ ದುಡ್ಡೂ ಇದ್ದರೆ ಆಪ್ ಪರೀಕ್ಷೆಗೆ ಎರಡನೇ ಫೋನ್. ಕಚೇರಿಗಳ ವೈ-ಫೈ, ಯುಎಸ್‌ಬಿ ಪರೀಕ್ಷೆಯೇ ವೃತ್ತಿಯಾಗಿದ್ದರೆ ಪಟ್ಟಿಯಲ್ಲಿರುವ ಫೋನಿಗೆ ಪೂರ್ತಿ ನೆಟ್‌ಹಂಟರ್. ಬೆಂಗಳೂರಿನಲ್ಲಿರುವವರು ನಲ್ ಎಂಬ ಸೆಕ್ಯುರಿಟಿ ಸಮುದಾಯದ ಉಚಿತ ಮೀಟ್‌ಗಳಿಗೆ ಹೋಗಿ ಬನ್ನಿ. ಬೇರೆಯವರ ಸಾಧನಗಳನ್ನು ಕಣ್ಣಾರೆ ನೋಡಿದ ಮೇಲೆ ಕೊಳ್ಳುವುದು ಒಳ್ಳೆಯದು.

ದಿನವೂ ಬಳಸುವ ಫೋನನ್ನು ಮಾತ್ರ ರೂಟ್ ಮಾಡಬೇಡಿ. ರೂಟ್‌ಗೆ ಮೊದಲು ಬೂಟ್‌ಲೋಡರ್ (ಫೋನನ್ನು ಎಬ್ಬಿಸುವ ಪ್ರೋಗ್ರಾಮ್) ಬೀಗ ತೆರೆಯಬೇಕು, ತೆರೆದ ಕೂಡಲೇ ಫೋನಿನಲ್ಲಿರುವುದೆಲ್ಲ ಅಳಿಸಿಹೋಗುತ್ತದೆ. ಬ್ಯಾಂಕ್ ಮತ್ತು ಯುಪಿಐ ಆಪ್‌ಗಳು ತೆರೆಯದೇ ಇರಬಹುದು. ಅಂಗಡಿಯಲ್ಲಿ ಕ್ಯೂಆರ್ ಕೋಡ್ ಮುಂದೆ ನಿಂತಾಗ ಆ ಕಷ್ಟ ಗೊತ್ತಾಗುತ್ತದೆ. ಸ್ಯಾಮ್‌ಸಂಗ್ ಫೋನುಗಳಲ್ಲಿ ನಾಕ್ಸ್ ಎಂಬ ಫ್ಯೂಸ್ ಇದೆ, ಅದು ಒಮ್ಮೆ ಹೋದರೆ ಹೋಯಿತು, ಮತ್ತೆ ಸರಿ ಮಾಡಲು ಆಗುವುದಿಲ್ಲ. ಶಿಯೋಮಿ ಫೋನಿಗೆ ಕಂಪನಿಯ ಖಾತೆ ಜೋಡಿಸಿ ದಿನಗಟ್ಟಲೆ ಕಾಯಬೇಕಾಗುತ್ತದೆ. ಕೆಲವು ಕಂಪನಿಗಳು ದಾರಿಯನ್ನೇ ಕೊಡುವುದಿಲ್ಲ. ಪಿಕ್ಸೆಲ್ ಮತ್ತು ಹಳೆಯ ಒನ್‌ಪ್ಲಸ್ ಫೋನುಗಳಲ್ಲಿ ಈ ಕೆಲಸ ಸಲೀಸು.

ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ ಅಂಗಡಿಯಲ್ಲೇ ಒಂದು ಪರೀಕ್ಷೆ ಮಾಡಿ. ಸೆಟ್ಟಿಂಗ್ಸ್‌ನಲ್ಲಿ ಬಿಲ್ಡ್ ನಂಬರ್ ಮೇಲೆ ಏಳು ಸಲ ಒತ್ತಿ ಡೆವಲಪರ್ ಆಪ್ಷನ್ಸ್ ತೆರೆಯಿರಿ. ಫೋನನ್ನು ಇಂಟರ್ನೆಟ್‌ಗೆ ಜೋಡಿಸಿ, ಬೂಟ್‌ಲೋಡರ್ ತೆರೆಯಲು ಬಿಡುವ ಓಇಎಂ ಅನ್‌ಲಾಕಿಂಗ್ ಸ್ವಿಚ್ ಆನ್ ಆಗುತ್ತದಾ ನೋಡಿ. ಅಮೆರಿಕದಿಂದ ನೆಂಟರು ತಂದುಕೊಟ್ಟ ಪಿಕ್ಸೆಲ್ ವೆರೈಜನ್ ಎಂಬ ಮೊಬೈಲ್ ಸೇವಾ ಕಂಪನಿಯದ್ದಾಗಿದ್ದರೆ ಆ ಸ್ವಿಚ್ ಬೂದು ಬಣ್ಣದಲ್ಲೇ ಉಳಿಯುತ್ತದೆ, ಬೂಟ್‌ಲೋಡರ್ ತೆರೆಯುವುದಿಲ್ಲ. ಟಿ-ಮೊಬೈಲ್‌ನ ಒನ್‌ಪ್ಲಸ್ ಫೋನಿಗೂ ಬೇರೆಯದೇ ಅಡ್ಡಿಗಳಿವೆ. ಹಿಂದಿನ ಮಾಲೀಕರ ಗೂಗಲ್ ಖಾತೆ ತೆಗೆದಿದೆಯಾ, ಓಟಿಜಿ ಕೇಬಲ್ಲಿಗೆ ಪೆನ್‌ಡ್ರೈವ್ ಚುಚ್ಚಿದರೆ ಕಾಣುತ್ತದಾ, ಚಾರ್ಜಿಂಗ್ ಪೋರ್ಟ್ ಸಡಿಲವಾಗಿದೆಯಾ, ಬ್ಯಾಟರಿ ಉಬ್ಬಿ ಹಿಂಬದಿ ಎದ್ದಿದೆಯಾ, ಇವಿಷ್ಟನ್ನೂ ನೋಡಿ. ಸ್ವಿಚ್ ಆನ್ ಆಗದ ಫೋನನ್ನು ಎಷ್ಟೇ ಕಡಿಮೆಗೆ ಕೊಟ್ಟರೂ ತಗೊಳ್ಳಬೇಡಿ.